ಕಡಲಿಗಿಳಿದ ಕಟ್ಟಿಗೆ: ಔಷಧಿ ಕುಡಿಸಿದರೂ ಬಾಳಿಕೆ ಎಷ್ಟು?

ಖಾನಾಪುರ ತಾಲ್ಲೂಕಿನ ಹಳೆಯ ಹೆಂಚಿನ ಮನೆಗಳಲ್ಲಿ ಮತ್ತಿ, ನಂದಿ, ಹೊನ್ನೆ, ಸಾಗವಾನಿ ಮರಗಳ ತೊಲೆ-ಜಂತೆಗಳು ಮೂರು ತಲೆಮಾರುಗಳನ್ನು ಕಂಡೂ ಗಟ್ಟಿಯಾಗಿ ನಿಂತಿರುವುದು ಅಪರೂಪವೇನಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಕಣಕುಂಬಿ, ಜಾಂಬೋಟಿ ಭಾಗದ ಮಳೆಯನ್ನೂ ಅವು ತಾಳಿಕೊಂಡಿವೆ. ಆದರೆ ಅದೇ ಕಾಡಿನ ಅದೇ ಜಾತಿಯ ಹಲಗೆಯನ್ನು ಘಟ್ಟದ ಕೆಳಗೆ ಇಳಿಸಿ, ಕಾರವಾರದ ಅಥವಾ ಗೋವೆಯ ಅಳಿವೆಯ ನೀರಿನಲ್ಲಿ ಕಟ್ಟಿ ಬಿಟ್ಟರೆ ಕಥೆಯೇ ಬೇರೆಯಾಗುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಸುಸ್ಥಿತಿಯಲ್ಲಿದ್ದಂತೆಯೇ ಕಾಣುತ್ತದೆ. ಕೈಯಲ್ಲಿ ಹಿಡಿದು ಮುರಿದರೆ ಒಳಗೆ ಜೇನುಗೂಡಿನಂತೆ ತೂತುಗಳು. ಮೃದುವಾದ ಮರವಾಗಿದ್ದರೆ ಈ ಸ್ಥಿತಿಗೆ ಬರಲು ಆರು ತಿಂಗಳೂ ಬೇಕಾಗಿಲ್ಲ.

ಬೆಳಗಾವಿಯಂತಹ ಒಳನಾಡಿನ ನಗರಕ್ಕೆ ಈ ವಿಷಯ ಏಕೆ ಎಂಬ ಪ್ರಶ್ನೆ ಸಹಜ. ಕಡಲು ಇಲ್ಲಿಂದ ಮೂರು-ನಾಲ್ಕು ಗಂಟೆಯ ದಾರಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಎರಡು ನದಿಗಳ ಪೈಕಿ ಮಲಪ್ರಭೆ ಕಣಕುಂಬಿಯಿಂದ ಪೂರ್ವಕ್ಕೆ ಹರಿದರೆ, ಭೀಮಗಡದ ಅರಣ್ಯದ ಮಹದಾಯಿ ಪಶ್ಚಿಮಕ್ಕೆ ಇಳಿದು ಮಾಂಡವಿ ಎಂಬ ಹೆಸರಿನಲ್ಲಿ ಪಣಜಿಯ ಬಳಿ ಸಮುದ್ರ ಸೇರುತ್ತದೆ. ಕಟ್ಟಿಗೆಯ ದಾರಿಯೂ ಹಿಂದಿನಿಂದ ಹಾಗೆಯೇ ಇದೆ. 1880ರ ದಶಕದ ಕೊನೆಯಲ್ಲಿ ಲೋಂಡಾ ಮಾರ್ಗವಾಗಿ ಮುರ್ಮಗೋವಾ ಬಂದರಿಗೆ ರೈಲು ಹಳಿ ಕೂಡಿದ ಮೇಲಂತೂ ಘಟ್ಟದ ಮೇಲಿನ ಮರಮುಟ್ಟಿಗೂ ಕಡಲಿಗೂ ನೇರ ಸಂಬಂಧ ಏರ್ಪಟ್ಟಿತು. ಇಂದು ಕಟ್ಟಿಗೆ ಅಡ್ಡೆಗಳಲ್ಲಿ, ಪ್ಲೈವುಡ್ ಅಂಗಡಿಗಳಲ್ಲಿ 'ಟ್ರೀಟೆಡ್', 'ಮರೈನ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಸರಕಿಗೆ ಜನ ಹೆಚ್ಚಿನ ಬೆಲೆ ತೆರುತ್ತಾರೆ. ಕರಾವಳಿಯಲ್ಲಿ ದೋಣಿ ಇರುವ ಬಂಧುವಿಗಾಗಿ, ಗೋವೆಯಲ್ಲಿ ಹೋಂಸ್ಟೇ ನಡೆಸುವ ಪರಿಚಿತರ ಕಟ್ಟೆಗಾಗಿ ಹಲಗೆ ಕೊಯ್ಸಿ ಕಳುಹಿಸುವವರೂ ಇದ್ದಾರೆ. ಆ ಹೆಸರುಗಳ ಅರ್ಥವೇನು, ಅವು ಸಮುದ್ರದಲ್ಲಿ ಎಷ್ಟು ದಿನ ಬಾಳುತ್ತವೆ ಎಂಬುದನ್ನು ತಿಳಿಯದೆ ಖರ್ಚು ಮಾಡಿದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ದೋಣಿಯೇ ಹೋಗುತ್ತದೆ.

ಹುಳುವಲ್ಲದ ಹುಳು

ನೆಲದ ಮೇಲೆ ಕಟ್ಟಿಗೆಗೆ ಶತ್ರುಗಳು ಮುಖ್ಯವಾಗಿ ಮೂರು: ಗೆದ್ದಲು, ಕುಟ್ಟೆ ಹುಳು ಮತ್ತು ಕೊಳೆಸುವ ಶಿಲೀಂಧ್ರ. ಈ ಮೂರಕ್ಕೂ ಗಾಳಿ ಬೇಕು. ಆದ್ದರಿಂದಲೇ ಸಿಹಿನೀರಿನ ಬಾವಿಯ ತಳದಲ್ಲಿ, ಕೆರೆಯ ಕೆಸರಿನಲ್ಲಿ ಸಂಪೂರ್ಣ ಮುಳುಗಿದ ಗಟ್ಟಿಮರ ದಶಕಗಳ ಕಾಲ ಉಳಿಯುತ್ತದೆ. ನೀರಿನಲ್ಲಿ ಮುಳುಗಿದ ಮರ ಕೆಡುವುದಿಲ್ಲ ಎಂಬ ನಂಬಿಕೆ ಹುಟ್ಟಿದ್ದು ಇಂತಹ ಅನುಭವದಿಂದ. ಸಿಹಿನೀರಿನ ಮಟ್ಟಿಗೆ ಅದು ಬಹುಪಾಲು ನಿಜ. ಉಪ್ಪುನೀರಿಗೆ ಅದನ್ನೇ ಅನ್ವಯಿಸಿದಾಗ ಮೋಸವಾಗುತ್ತದೆ.

ಸಮುದ್ರದಲ್ಲಿ ಮರವನ್ನು ತಿನ್ನುವ ಪ್ರಮುಖ ಜೀವಿಗೆ ಇಂಗ್ಲಿಷಿನಲ್ಲಿ 'ಶಿಪ್‌ವರ್ಮ್' ಎಂದು ಹೆಸರು, ಹಡಗುಹುಳು ಎನ್ನಬಹುದು. ವಾಸ್ತವವಾಗಿ ಅದು ಹುಳುವಲ್ಲ. ಕರಾವಳಿಯ ಜನ ಸಾರಿಗೆ ಹಾಕುವ ಬಳಚು, ಕಲ್ವಗಳ ಕುಲಕ್ಕೆ ಸೇರಿದ, ಎರಡು ಚಿಪ್ಪಿನ ಮೃದ್ವಂಗಿ. ಉಳಿದ ಚಿಪ್ಪುಜೀವಿಗಳಲ್ಲಿ ಚಿಪ್ಪು ದೇಹವನ್ನು ಮುಚ್ಚಿ ಕಾಯುತ್ತದೆ. ಹಡಗುಹುಳುವಿನಲ್ಲಿ ಚಿಪ್ಪು ತಲೆಯ ತುದಿಗೆ ಸರಿದು, ಅರದಂತೆ ಮರವನ್ನು ಉಜ್ಜುವ ಹತಾರವಾಗಿದೆ. ದೇಹ ಮಾತ್ರ ಹುಳುವಿನಂತೆ ಉದ್ದವಾಗಿ ಹಿಂದೆ ಚಾಚಿಕೊಂಡಿರುತ್ತದೆ. ಟೆರೆಡೊ, ಬ್ಯಾಂಕಿಯಾ, ಲೈರೊಡಸ್ ಮುಂತಾದ ಹಲವು ಕುಲಗಳು ಭಾರತದ ಎರಡೂ ತೀರಗಳಲ್ಲಿವೆ.

ಇದರ ಕೆಲಸದ ರೀತಿಯೇ ಅಪಾಯಕಾರಿ. ನೀರಿನಲ್ಲಿ ತೇಲುವ ಮರಿ ಮರದ ಮೇಲ್ಮೈಗೆ ಅಂಟಿಕೊಂಡು, ಸೂಜಿಮೊನೆಯಷ್ಟು ಸಣ್ಣ ರಂಧ್ರ ಕೊರೆದು ಒಳಹೊಕ್ಕುತ್ತದೆ. ಆಮೇಲೆ ಅದು ಹೊರಬರುವುದೇ ಇಲ್ಲ. ಒಳಗೇ ಬೆಳೆಯುತ್ತ, ಮರದ ಎಳೆಯ ದಿಕ್ಕಿನಲ್ಲಿ ಸುರಂಗ ತೋಡುತ್ತ, ಸುರಂಗದ ಗೋಡೆಗೆ ಸುಣ್ಣದ ಲೇಪ ಬಳಿಯುತ್ತ ಸಾಗುತ್ತದೆ. ಕೆಲವು ಜಾತಿಗಳು ಒಂದು ಅಡಿಗಿಂತಲೂ ಉದ್ದ ಬೆಳೆಯುತ್ತವೆ. ಹೊರಗೆ ಉಳಿಯುವುದು ಅದೇ ಸೂಜಿಮೊನೆ ರಂಧ್ರ ಮಾತ್ರ. ನೀರು ಸಿಹಿಯಾದರೆ, ದೋಣಿಯನ್ನು ದಡಕ್ಕೆ ಎಳೆದರೆ ಬಾಲದ ತುದಿಯಲ್ಲಿರುವ ಎರಡು ಗಟ್ಟಿ ಬಿರಡೆಗಳಿಂದ ಬಾಗಿಲು ಮುಚ್ಚಿಕೊಂಡು ವಾರಗಟ್ಟಲೆ ಕಾಯಬಲ್ಲದು. ಮರದ ಸೆಲ್ಯುಲೋಸನ್ನು ಜೀರ್ಣಿಸುವ ಶಕ್ತಿ ಅದಕ್ಕೆ ಸ್ವಂತದ್ದಲ್ಲ. ಕಿವಿರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಬೇಕಾದ ಕಿಣ್ವಗಳನ್ನು ತಯಾರಿಸಿ ಕೊಡುತ್ತವೆ. ಸುರಂಗ ನಿರ್ಮಾಣದ ತಂತ್ರಕ್ಕೆ ಈ ಜೀವಿಯೇ ಗುರುವಾದದ್ದು ಒಂದು ಸ್ವಾರಸ್ಯ: ಲಂಡನ್ನಿನ ಥೇಮ್ಸ್ ನದಿಯಡಿ ಸುರಂಗ ತೋಡಿದ ಮಾರ್ಕ್ ಬ್ರುನೆಲ್ 1818ರಲ್ಲಿ ಪೇಟೆಂಟ್ ಪಡೆದ ಯಂತ್ರಕ್ಕೆ ಹಡಗುಹುಳುವಿನ ಕೊರೆಯುವ ವಿಧಾನವೇ ಸ್ಫೂರ್ತಿಯಾಗಿತ್ತು.

ಹಾನಿಯ ಇತಿಹಾಸ ದೊಡ್ಡದು. 1503ರಲ್ಲಿ ಕೊಲಂಬಸ್ ತನ್ನ ನಾಲ್ಕನೆಯ ಯಾನದಲ್ಲಿ ಹುಳು ತಿಂದ ಹಡಗುಗಳನ್ನು ಜಮೈಕಾ ತೀರಕ್ಕೆ ಹತ್ತಿಸಿ ತಿಂಗಳುಗಟ್ಟಲೆ ಅಲ್ಲಿಯೇ ಉಳಿಯಬೇಕಾಯಿತು. 1731ರ ಸುಮಾರಿಗೆ ಹಾಲೆಂಡಿನ ಕಡಲ ಒಡ್ಡುಗಳ ಮರದ ಕಂಬಗಳನ್ನು ಇವು ತಿಂದು ಹಾಕಿ ದೇಶವೇ ಗಾಬರಿಗೊಂಡಿತ್ತು. 1919ರಿಂದ 1921ರ ನಡುವೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಜೆಟ್ಟಿಗಳು ಸಾಲುಸಾಲಾಗಿ ಕುಸಿದವು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1628ರಲ್ಲಿ ಮುಳುಗಿದ ಸ್ವೀಡನ್ನಿನ 'ವಾಸಾ' ಯುದ್ಧನೌಕೆಯನ್ನು 1961ರಲ್ಲಿ ಮೇಲೆತ್ತಿದಾಗ ಅದರ ಒಡಲು ಬಹುಮಟ್ಟಿಗೆ ಇಡಿಯಾಗಿಯೇ ಇತ್ತು. ಬಾಲ್ಟಿಕ್ ಸಮುದ್ರದ ಆ ಭಾಗದ ನೀರಿನಲ್ಲಿ ಉಪ್ಪು ಕಡಿಮೆ. ಅಲ್ಲಿ ಹಡಗುಹುಳು ಬದುಕದು. ಮರ ಉಳಿಯುವುದು ಅಳಿಯುವುದು ಅದರ ಜಾತಿಯಷ್ಟೇ ನೀರಿನ ಗುಣವನ್ನೂ ಅವಲಂಬಿಸಿದೆ.

ಒಬ್ಬನಿಗೆ ಮದ್ದು, ಇನ್ನೊಬ್ಬನಿಗೆ ಅಲ್ಲ

ಹಡಗುಹುಳು ಒಂದೇ ಇದ್ದಿದ್ದರೆ ಪರಿಹಾರ ಸುಲಭವಾಗಿತ್ತು. ಉಷ್ಣವಲಯದ ಕಡಲಿನಲ್ಲಿ ಇನ್ನೂ ಮೂರು ಬಗೆಯ ಕೊರೆಯುವ ಜೀವಿಗಳಿವೆ. ಮಾರ್ಟೀಸಿಯಾ ಎಂಬುದು ಪೇರಲಕಾಯಿಯ ಆಕಾರದ ಇನ್ನೊಂದು ಚಿಪ್ಪುಜೀವಿ. ಲಿಮ್ನೋರಿಯಾ ಎಂಬುದು ಅಕ್ಕಿಕಾಳಿಗಿಂತಲೂ ಚಿಕ್ಕದಾದ, ಸಿಗಡಿಯ ಬಳಗಕ್ಕೆ ಸೇರಿದ ಪ್ರಾಣಿ. ಮೇಲ್ಮೈಯಿಂದಲೇ ಮರವನ್ನು ಸವೆಸುತ್ತ ಬರುತ್ತದೆ. ಸ್ಫೀರೋಮಾ ಅಳಿವೆಗಳಲ್ಲಿ, ಉಬ್ಬರ-ಇಳಿತಗಳ ನಡುವಿನ ಮಟ್ಟದಲ್ಲಿ ಕಂಬಗಳಿಗೆ ಬೆರಳು ತೂರುವಷ್ಟು ಅಗಲದ ತೂತು ಮಾಡುತ್ತದೆ.

ಔಷಧಿ ಕುಡಿಸುವವರ ಕಷ್ಟ ಇಲ್ಲಿಂದ ಆರಂಭವಾಗುತ್ತದೆ. ತಾಮ್ರ ಇರುವ ಔಷಧಿಗೆ ಹಡಗುಹುಳು ಹೆದರುತ್ತದೆ. ಆದರೆ ಸ್ಫೀರೋಮಾ ಮತ್ತು ಮಾರ್ಟೀಸಿಯಾ ಮರವನ್ನು ಮುಖ್ಯವಾಗಿ ವಾಸಕ್ಕಾಗಿ ಕೊರೆಯುತ್ತವೆಯೇ ಹೊರತು ಆಹಾರಕ್ಕಾಗಿ ಅಲ್ಲ. ತಿನ್ನದವನಿಗೆ ವಿಷವಿಟ್ಟು ಪ್ರಯೋಜನವೇನು? ತಾಮ್ರದ ಔಷಧಿ ಹೀರಿದ ಕಂಬಗಳನ್ನೂ ಅವು ಕೊರೆಯುತ್ತವೆ. ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಮಾರ್ಟೀಸಿಯಾವನ್ನು ದೂರವಿಡುತ್ತದೆ. ಆದರೆ ಲಿಮ್ನೋರಿಯಾದ ಟ್ರೈಪಂಕ್ಟಾಟಾ ಎಂಬ ಪ್ರಭೇದ ಕ್ರಿಯೋಸೋಟನ್ನು ಲೆಕ್ಕಿಸದೆ ಮರವನ್ನು ತಿನ್ನುತ್ತದೆ. ಆದ್ದರಿಂದ ಇವೆಲ್ಲವೂ ಇರುವ ಬೆಚ್ಚನೆಯ ಕಡಲುಗಳಲ್ಲಿ ಮೊದಲು ತಾಮ್ರದ ಔಷಧಿ, ಅದು ಒಣಗಿದ ಮೇಲೆ ಕ್ರಿಯೋಸೋಟ್, ಹೀಗೆ ಎರಡು ಬಾರಿ ಉಪಚರಿಸುವ ಪದ್ಧತಿ ಬಂದಿತು. ಒಂದೇ ಔಷಧಿ ಕುಡಿಸಿದ ಮರ ಒಂದು ಬಂದರಿನಲ್ಲಿ ಇಪ್ಪತ್ತು ವರ್ಷ ಬಾಳಿ ಮತ್ತೊಂದು ಬಂದರಿನಲ್ಲಿ ಐದು ವರ್ಷಕ್ಕೇ ಕೈಕೊಟ್ಟರೆ, ಮಾರಿದವನು ಮೋಸ ಮಾಡಿದ ಎನ್ನುವ ಮೊದಲು ಆ ನೀರಿನಲ್ಲಿ ಯಾವ ಜೀವಿ ಇದೆ ಎಂದು ಕೇಳಬೇಕಾಗುತ್ತದೆ.

ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಬೆಳಗಾವಿಗೆ ಹತ್ತಿರದಲ್ಲಿಯೇ ನಡೆದಿದೆ. 1966ರಲ್ಲಿ ಆರಂಭವಾದ, ಗೋವೆಯ ಡೋನಾ ಪಾವುಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಾಂಡವಿ, ಜುವಾರಿ ಅಳಿವೆಗಳಲ್ಲಿ ಮರದ ತುಂಡುಗಳನ್ನು ಇಳಿಬಿಟ್ಟು, ಯಾವ ಕೊರೆಯುವ ಜೀವಿ ಯಾವ ಕಾಲದಲ್ಲಿ ಬರುತ್ತದೆ ಎಂದು ದಾಖಲಿಸಿದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ವಿಶಾಖಪಟ್ಟಣದ ಬಂದರಿನಲ್ಲಿ ಇದೇ ಬಗೆಯ ಪರೀಕ್ಷೆಗಳನ್ನು ದೀರ್ಘಕಾಲ ನಡೆಸಿದೆ. ಪರೀಕ್ಷೆಯ ವಿಧಾನ ಸರಳ. ಒಂದೇ ಅಳತೆಯ ಹಲಗೆಗಳನ್ನು, ಕೆಲವನ್ನು ಹಾಗೆಯೇ, ಕೆಲವನ್ನು ಔಷಧಿ ಕುಡಿಸಿ, ಚೌಕಟ್ಟಿಗೆ ಕಟ್ಟಿ ನೀರಿಗಿಳಿಸುವುದು. ನಿಗದಿತ ಅವಧಿಗೊಮ್ಮೆ ಮೇಲೆತ್ತಿ, ಅಂಟಿದ ಬಾರ್ನಕಲ್ ಚಿಪ್ಪುಗಳನ್ನು ಕೆರೆದು ತೆಗೆದು, ಎಷ್ಟು ಭಾಗ ಹಾಳಾಗಿದೆ ಎಂದು ಅಂದಾಜಿಸುವುದು. ಹೊರಗೆ ಏನೂ ಕಾಣದ ಕಾರಣ ಎಕ್ಸ್-ರೇ ತೆಗೆದು ಒಳಗಿನ ಸುರಂಗಗಳನ್ನು ನೋಡುವ ಕ್ರಮವೂ ಇದೆ.

ತಾಮ್ರದ ಹಳೆಯ ಪಾಠ

ಸಾಗವಾನಿ ಕಡಲಿಗೂ ಜಗ್ಗದ ಮರ ಎಂಬ ಮಾತು ಕಟ್ಟಿಗೆ ವ್ಯಾಪಾರದಲ್ಲಿ ಆಗಾಗ ಕೇಳಿಬರುತ್ತದೆ. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಪಶ್ಚಿಮ ತೀರದ ಸಾಗವಾನಿಯಿಂದ ಬ್ರಿಟಿಷ್ ನೌಕಾಪಡೆಗೆ ಹಡಗುಗಳನ್ನು ಕಟ್ಟಿಕೊಟ್ಟದ್ದು ಈ ಕೀರ್ತಿಗೆ ಮೂಲ. 1817ರಲ್ಲಿ ಅಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಹೇಳದೆ ಉಳಿಯುವ ಸಂಗತಿಯೊಂದಿದೆ. ಆ ಕಾಲದ ಯುದ್ಧನೌಕೆಗಳ ತಳಕ್ಕೆಲ್ಲ ತಾಮ್ರದ ತಗಡು ಹೊದಿಸುತ್ತಿದ್ದರು. ಸಾಗವಾನಿ ಕೊಳೆಯುವುದನ್ನು ತಡೆಯುತ್ತದೆ, ಕಬ್ಬಿಣದ ಮೊಳೆಯನ್ನು ತಿನ್ನುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ. ಹಡಗುಹುಳುವನ್ನು ಮಾತ್ರ ನಿಧಾನಗೊಳಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿಗೆ ಮೊದಲ ಬಾರಿ ತಾಮ್ರ ಹೊದಿಸಿ ನೋಡಿತು. ಹುಳು ಹತ್ತಿರ ಬರಲಿಲ್ಲ. ಆದರೆ ಉಪ್ಪುನೀರಿನಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ಸಂಪರ್ಕವಾಗಿ ಮೊಳೆಗಳೇ ಕರಗಿಹೋದವು. ಮುಂದೆ 1824ರಲ್ಲಿ ಪ್ರಸಿದ್ಧ ರಸಾಯನವಿಜ್ಞಾನಿ ಹಂಫ್ರಿ ಡೇವಿ ತಾಮ್ರದ ಸವಕಳಿಯನ್ನು ತಡೆಯಲು ಅದಕ್ಕೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿದ. ಸವಕಳಿ ನಿಂತಿತು. ಅದರೊಂದಿಗೆ ತಾಮ್ರದ ಮೇಲೆ ಬಾರ್ನಕಲ್, ಪಾಚಿಗಳು ದಟ್ಟವಾಗಿ ಬೆಳೆದವು. ತಾಮ್ರ ತಾನು ಸ್ವಲ್ಪ ಸ್ವಲ್ಪವಾಗಿ ಕರಗುವುದರಿಂದಲೇ ಜೀವಿಗಳನ್ನು ದೂರವಿಡುತ್ತದೆ. ಕರಗದಿದ್ದರೆ ಕಾವಲೂ ಇಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಔಷಧಿ ಕುಡಿಸಿದ ಕಟ್ಟಿಗೆಯ ಸಮಸ್ಯೆಯ ತಿರುಳೂ ಇದೇ. ಔಷಧಿ ಮರದಲ್ಲಿ ನಿಲ್ಲಬೇಕು, ಆದರೆ ಜಡವಾಗಿ ನಿಲ್ಲಬಾರದು. ಬೇಗ ಕರಗಿದರೆ ಮರ ಬರಿದಾಗುತ್ತದೆ, ನೀರು ವಿಷವಾಗುತ್ತದೆ.

ಡೆಹ್ರಾಡೂನಿನ 'ಆಸ್ಕು'

ಈ ಕಗ್ಗಂಟಿಗೆ ಜಗತ್ತು ಬಹುಕಾಲ ಒಪ್ಪಿಕೊಂಡ ಉತ್ತರ ಭಾರತದಲ್ಲಿಯೇ ಸಿದ್ಧವಾಯಿತೆಂಬುದು ಅನೇಕರಿಗೆ ಗೊತ್ತಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಠಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಈ ಮೂರರ ಲವಣಗಳನ್ನು ನೀರಿನಲ್ಲಿ ಬೆರೆಸಿ ಔಷಧಿಯೊಂದನ್ನು ರೂಪಿಸಿದರು. ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಸಂಕೇತಗಳನ್ನು ಸೇರಿಸಿ ಅದಕ್ಕೆ 'ಆಸ್ಕು' ಎಂದು ಹೆಸರಿಟ್ಟರು. ಜಗತ್ತಿನಾದ್ಯಂತ ಸಿಸಿಎ ಎಂದು ಕರೆಸಿಕೊಳ್ಳುವ, ಮರಕ್ಕೆ ತಿಳಿಹಸಿರು ಬಣ್ಣ ಕೊಡುವ ಔಷಧಿ ಇದರದೇ ಸಂತತಿ.

ಅಡಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಮೈಲುತುತ್ತದ ಗುಣ ಗೊತ್ತು. ಅದು ಶಿಲೀಂಧ್ರವನ್ನು ಕೊಲ್ಲುತ್ತದೆ, ಆದರೆ ಜೋರು ಮಳೆಗೆ ತೊಳೆದುಹೋಗುತ್ತದೆ. ಮೈಲುತುತ್ತವನ್ನು ಮಾತ್ರ ಕುಡಿಸಿದ ಮರಕ್ಕೂ ಅದೇ ಗತಿ. ಕಾಮೇಶಂ ಅವರ ಜಾಣ್ಮೆ ಇರುವುದು ಕ್ರೋಮಿಯಂನಲ್ಲಿ. ಮರದೊಳಗೆ ಹೊಕ್ಕ ಮೇಲೆ ಕ್ರೋಮಿಯಂ ರಾಸಾಯನಿಕವಾಗಿ ಬದಲಾಗಿ, ತಾಮ್ರ ಮತ್ತು ಆರ್ಸೆನಿಕ್ ಎರಡನ್ನೂ ಮರದ ಎಳೆಗಳಿಗೆ ಕರಗದಂತೆ ಬಂಧಿಸುತ್ತದೆ. ತಾಮ್ರ ಶಿಲೀಂಧ್ರಕ್ಕೆ ಮತ್ತು ಹಡಗುಹುಳುವಿಗೆ, ಆರ್ಸೆನಿಕ್ ಗೆದ್ದಲಿಗೆ, ಕ್ರೋಮಿಯಂ ಈ ಎರಡನ್ನೂ ಹಿಡಿದಿಡಲು. ಈ ಬಂಧನ ಒಂದೇ ದಿನದ ಕೆಲಸವಲ್ಲ. ಬೆಚ್ಚನೆಯ ಹವೆಯಲ್ಲಿಯೂ ಒಂದೆರಡು ವಾರ ನೆರಳಿನಲ್ಲಿ ಇಡಬೇಕಾಗುತ್ತದೆ. ಟ್ಯಾಂಕಿನಿಂದ ತೆಗೆದ ಮರವನ್ನು ಅಂದೇ ಲಾರಿಗೇರಿಸಿ ನೀರಿಗಿಳಿಸಿದರೆ ಕೊಟ್ಟ ಹಣದ ಒಂದು ಪಾಲು ಕಡಲಿಗೇ ಸೇರುತ್ತದೆ.

ಕುಡಿಸುವ ವಿಧಾನ 1838ರಷ್ಟು ಹಳೆಯದು. ಇಂಗ್ಲೆಂಡಿನ ಜಾನ್ ಬೆಥೆಲ್ ಕ್ರಿಯೋಸೋಟಿಗಾಗಿ ರೂಪಿಸಿದ ಪದ್ಧತಿಯೇ ಇಂದಿಗೂ ಮೂಲ. ಚೆನ್ನಾಗಿ ಒಣಗಿದ ಮರವನ್ನು ಉಕ್ಕಿನ ಉರುಳೆಯೊಳಗೆ ತಳ್ಳಿ ಬಾಗಿಲು ಬಿಗಿದು, ಮೊದಲು ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಮರದ ಸೂಕ್ಷ್ಮ ಕೊಳವೆಗಳು ಖಾಲಿಯಾದ ಮೇಲೆ ಔಷಧಿ ತುಂಬಿ, ಗಂಟೆಗಟ್ಟಲೆ ಭಾರೀ ಒತ್ತಡ ಹಾಕುತ್ತಾರೆ. ಕೊನೆಗೆ ಮತ್ತೊಮ್ಮೆ ಗಾಳಿ ಹೀರಿ ಮೇಲ್ಮೈಯ ಹೆಚ್ಚುವರಿ ದ್ರವವನ್ನು ತೆಗೆಯುತ್ತಾರೆ. ಹಸಿ ಕಟ್ಟಿಗೆಯಾದರೆ ಕೊಳವೆಗಳಲ್ಲಿ ನೀರೇ ತುಂಬಿರುವುದರಿಂದ ಔಷಧಿಗೆ ಜಾಗವಿಲ್ಲ. ಬ್ರಶ್‌ನಿಂದ ಬಳಿಯುವುದು, ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಇದಕ್ಕೆ ಸಮವಲ್ಲ. ಬಳಿದದ್ದು ಒಂದೆರಡು ಮಿಲಿಮೀಟರ್ ಮಾತ್ರ ಒಳಗಿಳಿಯುತ್ತದೆ. ಮನೆಯ ಕಿಟಕಿಗೆ ಅದು ಸಾಕಾಗಬಹುದು, ದೋಣಿಯ ತಳಕ್ಕೆ ಏನೇನೂ ಸಾಲದು.

'ಟ್ರೀಟೆಡ್' ಎಂಬ ಒಂದೇ ಮಾತು

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಔಷಧಿ ಕುಡಿಸಿದ್ದೇ ಇಲ್ಲವೇ ಎಂಬುದಕ್ಕಿಂತ ಎಷ್ಟು ಕುಡಿಸಿದೆ ಎಂಬುದು ಮುಖ್ಯ. ಒಂದು ಘನ ಮೀಟರ್ ಮರದಲ್ಲಿ ಎಷ್ಟು ಕಿಲೋ ಔಷಧಿ ಉಳಿದಿದೆ ಎಂದು ಇದನ್ನು ಅಳೆಯುತ್ತಾರೆ. ಅಮೆರಿಕದ ಮಾನದಂಡಗಳಲ್ಲಿ ನೆಲಕ್ಕೆ ತಾಗುವ ಸಾಮಾನ್ಯ ಮರಕ್ಕೆ ಸಿಸಿಎ ಘನ ಮೀಟರಿಗೆ ಸುಮಾರು 6.4 ಕಿಲೋ ಸಾಕು. ಬೆಚ್ಚನೆಯ ಕಡಲಿನಲ್ಲಿ ನಿಲ್ಲುವ ಕಂಬದ ಹೊರಪದರಕ್ಕೆ ಸುಮಾರು 40 ಕಿಲೋ ಬೇಕು. ಆರು ಪಟ್ಟು ವ್ಯತ್ಯಾಸ! ಕ್ರಿಯೋಸೋಟಾದರೆ ಕಡಲ ಕಂಬಕ್ಕೆ ಘನ ಮೀಟರಿಗೆ ಸುಮಾರು 250ರಿಂದ 320 ಕಿಲೋ. ತೋಟದ ಬೇಲಿಗೆಂದು ಸಿದ್ಧಪಡಿಸಿದ ಹಸಿರು ಬಣ್ಣದ ಗೂಟಕ್ಕೂ ಕಡಲ ಕಂಬಕ್ಕೂ ನೋಟದಲ್ಲಿ ಭೇದ ಕಾಣುವುದಿಲ್ಲ. ಎರಡನ್ನೂ 'ಟ್ರೀಟೆಡ್' ಎಂದೇ ಕರೆಯುತ್ತಾರೆ. ಭಾರತದಲ್ಲಿ ಮರ ಸಂರಕ್ಷಣೆಯ ಮಾರ್ಗಸೂಚಿಯಾದ ಐಎಸ್ 401 ಕೂಡ ಬಳಕೆಯ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಪ್ರಮಾಣಗಳನ್ನು ಸೂಚಿಸುತ್ತದೆ. ಆದ್ದರಿಂದ ವ್ಯಾಪಾರಿಯನ್ನು ಕೇಳಬೇಕಾದ ಪ್ರಶ್ನೆ 'ಟ್ರೀಟ್ ಮಾಡಿದ್ದೇ?' ಎಂಬುದಲ್ಲ, 'ಯಾವ ಬಳಕೆಗೆ, ಘನ ಮೀಟರಿಗೆ ಎಷ್ಟು?' ಎಂಬುದು.

'ಮರೈನ್ ಪ್ಲೈ' ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸುತ್ತದೆ. ಬೆಳಗಾವಿಯ ಅಡುಗೆಮನೆಯ ಕಪಾಟುಗಳಿಗೆ ಹೇರಳವಾಗಿ ಬಳಕೆಯಾಗುವ ಐಎಸ್ 710 ಗುರುತಿನ ಪ್ಲೈವುಡ್‌ನ ಅಂಟು ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಬಿಡುವುದಿಲ್ಲ. ಅದರ ಪದರಗಳಿಗೆ ಔಷಧಿ ಕುಡಿಸಿರಬೇಕೆಂಬ ನಿಯಮವೂ ಇದೆ. ಆದರೂ ಸಿಂಕಿನ ಕೆಳಗಿನ ತೇವ ಬೇರೆ, ಹಡಗುಹುಳು ಬೇರೆ. ಹಲಗೆಯನ್ನು ಗರಗಸದಿಂದ ಕೊಯ್ದಾಗ ತೆರೆದುಕೊಳ್ಳುವ ಅಂಚು ಮತ್ತು ಮೇಲಿನ ಹೊದಿಕೆಯಲ್ಲಿ ಬಿಟ್ಟ ಒಂದು ಬಿರುಕು ಕಡಲಿನ ಮರಿಗೆ ಸಾಕಾದ ಬಾಗಿಲು.

ಇನ್ನೊಂದು ವಿಚಿತ್ರವೆಂದರೆ, ಒಳ್ಳೆಯ ಮರಕ್ಕೆ ಔಷಧಿ ಹತ್ತುವುದಿಲ್ಲ. ಸಾಗವಾನಿಯ ಚೇಗಿನ ಕೊಳವೆಗಳು ಮರದ ಸ್ವಂತ ಎಣ್ಣೆ, ಅಂಟುಗಳಿಂದ ಮುಚ್ಚಿಕೊಂಡಿರುವುದರಿಂದ ಎಷ್ಟು ಒತ್ತಡ ಹಾಕಿದರೂ ದ್ರಾವಣ ಒಳಗಿಳಿಯದು. ಅದೇ ಮರದ ಹೊರಗಿನ ಬಿಳಿಭಾಗ ಚೆನ್ನಾಗಿ ಹೀರುತ್ತದೆ. ಅಗ್ಗದ ರಬ್ಬರ್ ಮರವಂತೂ ಸ್ಪಂಜಿನಂತೆ ಕುಡಿಯುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಈ ಗುಣವನ್ನೇ ಬಳಸಿಕೊಂಡು, ಔಷಧಿ ಕುಡಿಸಿದ ರಬ್ಬರ್ ಮರದಿಂದ ನಾಡದೋಣಿ ಕಟ್ಟಿ, ಮೇಲೆ ಫೈಬರ್ ಹೊದಿಸಿ ಮೀನುಗಾರರಿಗೆ ತೋರಿಸಿಕೊಟ್ಟಿತು. ಔಷಧಿಯಿಲ್ಲದಿದ್ದರೆ ಒಂದು ಮಳೆಗಾಲಕ್ಕೇ ಕಪ್ಪಾಗಿ ಕುಟ್ಟೆ ಹಿಡಿಯುವ ಮರವದು.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಸಿಮರ ಕಡಿಯುವುದಕ್ಕೆ ನಿರ್ಬಂಧ ಬಂದಿರುವುದು, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗೋದವರ್ಮನ್ ಪ್ರಕರಣದಲ್ಲಿ ನೀಡಿದ ಆದೇಶ, 2011ರಲ್ಲಿ ಭೀಮಗಡ ವನ್ಯಜೀವಿಧಾಮವಾದದ್ದು ಇವುಗಳಿಂದಾಗಿ ಖಾನಾಪುರದ ಮತ್ತಿ, ನಂದಿಗಳು ಹಿಂದಿನಂತೆ ಕರಾವಳಿಗೆ ಹರಿದುಹೋಗುವ ಕಾಲ ಮುಗಿದಿದೆ. ಹೊಲದ ಬದುವಿನಲ್ಲಿ ಬೆಳೆದ ಹಗುರ ಮರಗಳೇ ಮುಂದಿನ ದಾರಿ. ಅವನ್ನು ಔಷಧಿಯಿಲ್ಲದೆ ಬಳಸುವಂತಿಲ್ಲ. ಕಾಡನ್ನು ಉಳಿಸಲು ಹೊರಟರೆ ಔಷಧಿಯ ಪ್ರಶ್ನೆ ಬೆನ್ನಿಗೇ ಬರುತ್ತದೆ.

ಔಷಧಿ ಕುಡಿಸಿದ ಮೇಲೆ ಬಡಿಗನ ಉಳಿ ಮುಟ್ಟಬಾರದು ಎಂಬ ನಿಯಮವನ್ನು ಹೆಚ್ಚಿನವರು ಪಾಲಿಸುವುದಿಲ್ಲ. ದಪ್ಪ ಮರದಲ್ಲಿ ಔಷಧಿ ಹೊರಗಿನ ಒಂದೆರಡು ಅಂಗುಲಕ್ಕಷ್ಟೇ ಇಳಿದಿರುತ್ತದೆ. ತುದಿ ಕತ್ತರಿಸಿದರೆ, ಬೋಲ್ಟಿಗೆ ತೂತು ಕೊರೆದರೆ ಒಳಗಿನ ಬರೀ ಮರ ನೀರಿಗೆ ತೆರೆದುಕೊಳ್ಳುತ್ತದೆ. ಹುಳು ಒಳಹೊಕ್ಕುವುದು ಅಲ್ಲಿಂದಲೇ. ಹೊರಗೆ ಔಷಧಿಯ ಚಿಪ್ಪು ಭದ್ರ, ಒಳಗೆ ಟೊಳ್ಳು. ಆದಕಾರಣ ಕೊಯ್ತ, ಕೆತ್ತನೆ, ತೂತುಗಳೆಲ್ಲ ಮುಗಿದ ಮೇಲೆಯೇ ಉರುಳೆಗೆ ಹಾಕಬೇಕು.

ಉಳಿದ ತುಂಡುಗಳು ಎಲ್ಲಿಗೆ?

ಆರ್ಸೆನಿಕ್ ಎಂದರೆ ಪಾಷಾಣ. ಮರಕ್ಕೆ ಬಂಧಿಸಲ್ಪಟ್ಟಿದ್ದರೂ ಒಂದಿಷ್ಟು ಹೊರಬರುತ್ತದೆ. ಅಮೆರಿಕದಲ್ಲಿ 2003ರ ಅಂತ್ಯಕ್ಕೆ ಮನೆ, ಆಟದ ಮೈದಾನಗಳ ಬಳಕೆಗೆ ಸಿಸಿಎ ಮರ ತಯಾರಿಸುವುದನ್ನು ನಿಲ್ಲಿಸಲಾಯಿತು. ಕಡಲ ಕಂಬಗಳಿಗೆ ಅವಕಾಶ ಉಳಿಸಲಾಯಿತು. ಯುರೋಪಿನ ಒಕ್ಕೂಟ ಹೊರಡಿಸಿ 2004ರಿಂದ ಜಾರಿಗೆ ತಂದ ನಿಯಮ ಇನ್ನೂ ಕಟ್ಟುನಿಟ್ಟು: ಸಿಸಿಎ ಮರವನ್ನು ಸಮುದ್ರದ ನೀರಿನಲ್ಲಿ ಬಳಸುವುದನ್ನೇ ಅದು ನಿಷೇಧಿಸಿತು. ಒಂದೇ ವಸ್ತುವಿನ ಬಗ್ಗೆ ಎರಡು ಖಂಡಗಳು ಎರಡು ತೀರ್ಮಾನಕ್ಕೆ ಬಂದವು. ಔಷಧಿ ಹೆಚ್ಚು ಸೋರುವುದು ನೀರಿಗಿಳಿದ ಮೊದಲ ಕೆಲವು ವಾರಗಳಲ್ಲಿ. ತೆರೆದ ಕಡಲಿನಲ್ಲಿ ಅದು ಚದುರಿಹೋಗುತ್ತದೆ. ನೀರಿನ ಓಡಾಟ ಕಡಿಮೆಯಿರುವ ಇಕ್ಕಟ್ಟಾದ ಕೊಲ್ಲಿ, ಕಾಲುವೆಗಳಲ್ಲಿ ಹತ್ತಿರದ ಚಿಪ್ಪುಜೀವಿಗಳ ದೇಹದಲ್ಲಿ ತಾಮ್ರ ಸಂಗ್ರಹವಾದದ್ದನ್ನು ಅಮೆರಿಕದ ಅಧ್ಯಯನಗಳು ತೋರಿಸಿವೆ. ಕಾರವಾರ, ಗೋವೆಗಳಿಂದ ಮೀನು, ಚಿಪ್ಪುಮೀನು ತರಿಸಿ ತಿನ್ನುವ ಬೆಳಗಾವಿಗೆ ಇದು ದೂರದ ಮಾತಲ್ಲ.

ಆದರೆ ಒಳನಾಡಿನಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಒಲೆಯಲ್ಲಿದೆ. ತಿಳಿಹಸಿರು ಬಣ್ಣದ ಔಷಧಿ ಮರದ ತುಂಡು, ಹೊಟ್ಟು, ಕೆತ್ತನೆಯ ಚೂರುಗಳನ್ನು ಸ್ನಾನದ ಹಂಡೆಯ ಒಲೆಗೆ ಹಾಕಿದರೆ ಆರ್ಸೆನಿಕ್ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ. ಆ ಬೂದಿಯನ್ನು ಪಾತ್ರೆ ತಿಕ್ಕಲು, ಗೊಬ್ಬರದ ತಿಪ್ಪೆಗೆ ಬಳಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೋಗಿಲ್ಲ. ಹರಾಜಿನಲ್ಲಿ ಕೊಂಡ ಹಳೆಯ ರೈಲ್ವೆ ಸ್ಲೀಪರ್‌ಗಳ ವಿಷಯವೂ ಅಷ್ಟೇ ಗಂಭೀರ. ಸಾಲ್, ಸಾಗವಾನಿಯಂತಹ ಗಟ್ಟಿಮರದ ಸ್ಲೀಪರ್‌ಗಳನ್ನು ಔಷಧಿಯಿಲ್ಲದೆಯೇ ಬಳಸಿದ್ದುಂಟು. ಹಿಮಾಲಯದ ಚೀಡ್‌ನಂತಹ ಮರಗಳನ್ನು ಪಂಜಾಬಿನ ಢಿಲ್ವಾನಿನಂತಹ ಕಾರ್ಖಾನೆಗಳಲ್ಲಿ ಕ್ರಿಯೋಸೋಟ್ ಕುಡಿಸಿ ಹಾಸುತ್ತಿದ್ದರು. ಕಪ್ಪಾಗಿ, ಬಿಸಿಲಿಗೆ ಡಾಂಬರಿನ ವಾಸನೆ ಬರುವ ಸ್ಲೀಪರ್ ಎರಡನೆಯ ಬಗೆಯದು. ಕ್ರಿಯೋಸೋಟಿನಲ್ಲಿ ಕ್ಯಾನ್ಸರ್ ತರಬಲ್ಲ ಪದಾರ್ಥಗಳಿವೆ. ಅಂತಹ ಮರವನ್ನು ಮನೆಯೊಳಗಿನ ಮಂಚ, ಬಾಗಿಲು, ಮಕ್ಕಳ ಜೋಕಾಲಿಗೆ ಬಳಸುವುದು ಸರಿಯಲ್ಲ, ಉರುವಲಿಗಂತೂ ಸಲ್ಲದು. ಬಹುಕಾಲ ಕೆಡದ ಮರ ಎಂಬ ಒಂದೇ ಗುಣಕ್ಕಾಗಿ ಅದನ್ನು ಹುಡುಕಿಕೊಂಡು ಹೋಗುವವರು, ಅದು ಏಕೆ ಕೆಡಲಿಲ್ಲ ಎಂದು ವಿಚಾರಿಸುವುದು ಕಡಿಮೆ.

ಗೇರೆಣ್ಣೆ, ಬೆಂಕಿ ಮತ್ತು ಮಳೆಗಾಲ

ಕಾರ್ಖಾನೆಯ ಔಷಧಿ ಬರುವ ಮೊದಲೂ ದೋಣಿಗಳಿದ್ದವು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ, ಮೀನೆಣ್ಣೆ, ಸುಣ್ಣ ಬೆರೆಸಿದ ಎಣ್ಣೆಗಳನ್ನು ತಳಕ್ಕೆ ಹಚ್ಚುವುದು ಪಶ್ಚಿಮ ತೀರದ ಹಳೆಯ ರೂಢಿ. ಗೇರೆಣ್ಣೆ ಮುಟ್ಟಿದ ಚರ್ಮವನ್ನೇ ಸುಡುವಷ್ಟು ತೀಕ್ಷ್ಣ. ಗೇರು ಬೆಳೆಯುವ ಖಾನಾಪುರ, ಚಂದಗಡ ಭಾಗದ ಜನರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಇಂತಹ ಲೇಪಗಳು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಕಾಯುತ್ತವೆ. ಅದಕ್ಕಾಗಿಯೇ ದೋಣಿಯನ್ನು ಆಗಾಗ ದಡಕ್ಕೆಳೆದು, ಒಣಗಿಸಿ, ತಳಕ್ಕೆ ಹುಲ್ಲಿನ ಉರಿ ತೋರಿಸಿ, ಮತ್ತೆ ಎಣ್ಣೆ ಹಚ್ಚುವ ಕ್ರಮ ಬೆಳೆದುಬಂತು. ಉರಿಯ ಬಿಸಿ ಆಗತಾನೇ ಅಂಟಿದ ಮರಿಗಳನ್ನು ಕೊಲ್ಲುತ್ತದೆ, ಆಳಕ್ಕಿಳಿದವನ್ನು ಅಲ್ಲ. ಈಗ ಕರಾವಳಿಯ ಬಹುತೇಕ ಹೊಸ ದೋಣಿಗಳು ಫೈಬರಿನವು ಅಥವಾ ಉಕ್ಕಿನವು. ಉಳಿದಿರುವ ಮರದ ದೋಣಿಗಳಲ್ಲಿಯೂ ತಳಕ್ಕೆ ಫೈಬರ್ ಹೊದಿಸುವುದೇ ಹೆಚ್ಚು.

ಕರಾವಳಿಯ ಮರಕ್ಕೆ ನಿಸರ್ಗವೂ ವರ್ಷಕ್ಕೊಮ್ಮೆ ಒಂದಿಷ್ಟು ವಿರಾಮ ಕೊಡುತ್ತದೆ. ಜೂನ್‌ನಿಂದ ಕಾಳಿ, ಮಾಂಡವಿ, ಜುವಾರಿ ನದಿಗಳು ಘಟ್ಟದ ನೀರನ್ನು ತುಂಬಿಕೊಂಡು ಇಳಿದಾಗ ಅಳಿವೆಗಳ ಮೇಲ್ಪದರ ಬಹುಪಾಲು ಸಿಹಿಯಾಗುತ್ತದೆ. ಉಪ್ಪಿಲ್ಲದ ನೀರಿನಲ್ಲಿ ಹೊಸ ಮರಿಗಳು ನೆಲೆಗೊಳ್ಳಲಾರವು. ಒಳಗಿರುವವು ಬಾಗಿಲು ಮುಚ್ಚಿ ಕಾಯುತ್ತವೆ. ಬಹಳ ದಿನ ಹಾಗೇ ಮುಂದುವರಿದರೆ ಸಾಯುತ್ತವೆ. ಆದರೆ ತೆರೆದ ಕಡಲಿಗೆ ಮುಖ ಮಾಡಿದ ಜೆಟ್ಟಿಗೆ, ಅಳಿವೆಯ ತಳದಲ್ಲಿ ಉಪ್ಪುನೀರೇ ಉಳಿಯುವ ಆಳದ ಭಾಗಕ್ಕೆ ಈ ರಕ್ಷಣೆ ಇಲ್ಲ. ಕಂಬದ ಮೇಲಾದರೂ ಹಾನಿ ಸಮನಾಗಿ ಹಂಚಿಹೋಗುವುದಿಲ್ಲ. ಕೆಸರಿನೊಳಗೆ ಹುಗಿದ ಭಾಗಕ್ಕೆ ಗಾಳಿಯಿಲ್ಲದ ಕಾರಣ ಕೊರೆಯುವ ಜೀವಿ ಇಳಿಯದು. ಉಬ್ಬರದ ಗೆರೆಯ ಮೇಲಿನ ಭಾಗಕ್ಕೆ ಶಿಲೀಂಧ್ರದ ಕಾಟ. ಕೆಸರಿನ ಮಟ್ಟದಿಂದ ಉಬ್ಬರದ ಗೆರೆಯವರೆಗಿನ ನಡುಭಾಗವೇ ಮೊದಲು ತೆಳ್ಳಗಾಗಿ ಮುರಿಯುತ್ತದೆ. ಕಂಬವನ್ನು ಪರೀಕ್ಷಿಸುವವರು ಕೈಗೆಟುಕುವ ಮೇಲ್ಭಾಗವನ್ನು ಬಡಿದು ನೋಡಿ ತೃಪ್ತಿಪಟ್ಟರೆ ಪ್ರಯೋಜನವಿಲ್ಲದಿರುವುದು ಈ ಕಾರಣದಿಂದ.

ಕರ್ನಾಟಕ ಮತ್ತು ಗೋವೆಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆ 61 ದಿನಗಳು ಮರದ ದೋಣಿಗಳ ತಪಾಸಣೆಗೂ ಸರಿಯಾದ ಕಾಲ. ದಡಕ್ಕೇರಿಸಿದ ದೋಣಿಯ ತಳವನ್ನು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿಮರ ಖಣಿಲ್ ಎನ್ನುತ್ತದೆ, ತಿಂದ ಮರದ ಸದ್ದು ಮಂಕು. ಅನುಮಾನ ಬಂದ ಕಡೆ ತೆಳುವಾದ ಬೈರಿಗೆಯಿಂದ ಒಂದು ತೂತು ಕೊರೆದರೆ ಬರುವ ಪುಡಿಯಲ್ಲಿ ಸುಣ್ಣದ ಬಿಳಿ ಚೂರುಗಳಿವೆಯೇ ಎಂದು ನೋಡಬೇಕು. ಇದ್ದರೆ ಆ ಹಲಗೆಯನ್ನು ಪೂರ್ತಿ ಬದಲಿಸುವುದೊಂದೇ ದಾರಿ; ಮೇಲೆ ಔಷಧಿ ಬಳಿದರೆ ಒಳಗಿನ ಸುರಂಗ ತುಂಬುವುದಿಲ್ಲ. ಇಲ್ಲದಿದ್ದರೆ ಕೊರೆದ ತೂತಿಗೆ ಔಷಧಿ ಹಚ್ಚಿದ ಗೂಟ ಬಡಿದು ಮುಚ್ಚಬೇಕು. ಇಲ್ಲವಾದರೆ ಆಗಸ್ಟಿನ ಮೊದಲ ವಾರ ದೋಣಿ ಮತ್ತೆ ನೀರಿಗಿಳಿದಾಗ ಪರೀಕ್ಷೆಗೆಂದು ತೋಡಿದ ತೂತೇ ಹುಳುವಿನ ಹೊಸ ಬಾಗಿಲಾಗುತ್ತದೆ.